ಕೆಳಗಿನಿಂದ ಮೇಲಕ್ಕೆ

ಬೆಳಗ್ಗೆ ಏಳೂವರೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ಇನ್ನೇನು ಹೊರಡಬೇಕು. ಅವ್ವ ಆಗಲೇ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದಾಳೆ, ತೊಡೆಯ ಮೇಲೆ ಬುತ್ತಿ ಚೀಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮಕ್ಕಳಿಗೆ ಚಿತ್ರಾನ್ನ. ಏಳನೇ ಕ್ಲಾಸಿನ ಮಗಳು ನನ್ನ ಪಕ್ಕ ಡ್ರಾಯಿಂಗ್ ಪುಸ್ತಕ ತಬ್ಬಿಕೊಂಡಿದ್ದಾಳೆ. ಒಂಬತ್ತು ವರ್ಷದ ಮಗ ಡ್ರೈವರ್ ಹಿಂದಿನ ಕಂಬ ಹಿಡಿದು ನಿಂತವನು ಕೂರು ಅಂದರೂ ಕೂರುತ್ತಿಲ್ಲ.

"ಕಲ್ಲು ನೋಡಾಕೆ ಅಷ್ಟು ದೂರ ಯಾಕಪ್ಪಾ ಹೋಗ್ಬೇಕು? ನಮ್ಮೂರಾಗೆ ಕಲ್ಲಿಲ್ವಾ?" ನಿನ್ನೆ ರಾತ್ರಿಯಿಂದ ಅವ್ವ ಇದನ್ನು ಕೇಳುತ್ತಿರುವುದು ಮೂರನೇ ಸಲ.

ಇದೆ. ಅದಕ್ಕೇ ಹೋಗುತ್ತಿರುವುದು. ನಮ್ಮೂರಿನ ಕೆರೆ ಏರಿಯ ಮೇಲೆ, ಹುಣಸೆಮರದ ಬುಡದಲ್ಲಿ, ಎದೆಮಟ್ಟದ ಒಂದು ಕಲ್ಲು ಸ್ವಲ್ಪ ವಾಲಿಕೊಂಡು ನಿಂತಿದೆ. ಊರಿನವರಿಗೆ ಅದು ಬೀರಪ್ಪ. ಸೋಮವಾರ ಎಣ್ಣೆ, ಅಮಾವಾಸ್ಯೆಗೆ ಕಾಯಿ. ದೀಪಾವಳಿ ಕಳೆದು ಹೋರಿ ಹಬ್ಬ ಬಂತೆಂದರೆ, ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿಗಳನ್ನು ಅಖಾಡಕ್ಕೆ ಬಿಡುವ ಮೊದಲು ಒಂದು ಗಳಿಗೆ ಅದರ ಮುಂದೆ ನಿಲ್ಲಿಸುತ್ತಾರೆ. ಯಾಕೆ ಅಂತ ಕೇಳಿದರೆ, "ಹಿಂದಿನೋರಿಂದ ಬಂದಿದ್ದು" ಎನ್ನುವುದಕ್ಕಿಂತ ಹೆಚ್ಚಿಗೆ ಯಾರೂ ಹೇಳುವುದಿಲ್ಲ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಊರಿನ ಒಂದು ಹಳೆಯ ವಸ್ತುವಿನ ಬಗ್ಗೆ ಬರೆದುಕೊಂಡು ಬನ್ನಿ ಅಂತ ಮಗಳ ಸ್ಕೂಲಿನಲ್ಲಿ ಹೇಳಿದ್ದಾರೆ. ಅವಳು ಬೀರಪ್ಪನನ್ನು ಆರಿಸಿಕೊಂಡು ಎರಡು ದಿನ ಅದರ ಮುಂದೆ ಕೂತಳು. ಚಿತ್ರ ಬಿಡಿಸಲು ಆಗಲಿಲ್ಲ. ಎಣ್ಣೆ, ಕುಂಕುಮ, ಮಸಿ ಪದರುಗಟ್ಟಿ ಕಲ್ಲಿನಲ್ಲಿ ಏನಿದೆ ಅಂತಲೇ ಕಾಣುತ್ತಿಲ್ಲ. "ಅಪ್ಪಾ, ಇದರ ಥರದ್ದು ತೊಳೆದು ಇಟ್ಟಿರೋ ಕಲ್ಲು ಎಲ್ಲಾದ್ರೂ ಐತಾ?" ಅಂದಳು. ಐತೆ ಅಂದೆ.

ಬಸ್ಸು ಊರು ದಾಟುತ್ತದೆ. ಎಡಗಡೆ ತುಂಗಭದ್ರೆ ಒಮ್ಮೆ ಕಾಣಿಸಿಕೊಂಡು ಒಮ್ಮೆ ತೋಟಗಳ ಹಿಂದೆ ಮರೆಯಾಗುತ್ತಾಳೆ. ಗೋವಿನಕೋವಿ, ಚೀಲೂರು, ಹೊಳಲೂರು. ರಸ್ತೆಯ ಅಂಚಿಗೆ ಮೆಕ್ಕೆಜೋಳ ಒಣಗಲು ಹಾಕಿದ್ದಾರೆ. ಹೆಂಗಸೊಬ್ಬಳು ಬರಿಗಾಲಿನಲ್ಲಿ ಅದರೊಳಗೆ ಸಾಲು ಎಳೆಯುತ್ತಾ ನಡೆದಿದ್ದಾಳೆ. ಬಸ್ಸು ಅವಳನ್ನು ಬಳಸಿಕೊಂಡು ಹೋಗುತ್ತದೆ.

ಇದೇ ದಾರಿಯಲ್ಲಿ ನಾನು ಮೊದಲ ಸಲ ಹೋಗಿದ್ದು 1996ರಲ್ಲಿ, ಏಳನೇ ಕ್ಲಾಸಿನಲ್ಲಿ, ಸ್ಕೂಲಿನ ಪ್ರವಾಸಕ್ಕೆ. ಹೊನ್ನಾಳಿ ಆಗಿನ್ನೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು. ಮರುವರ್ಷ, 1997ರಲ್ಲಿ, ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಆ ಕಡೆ ಹೋದವು. ಈಚೆಗೆ ನ್ಯಾಮತಿಯೂ ಬೇರೆ ತಾಲ್ಲೂಕಾಯಿತು. ಕಲ್ಲುಗಳಿಗೆ ಈ ಲೆಕ್ಕ ಇಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟ ತಂದಾಗ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ನಾಲ್ಕೂ ತಾಲ್ಲೂಕುಗಳ ಶಾಸನಗಳು ಒಂದೇ ಪುಸ್ತಕದೊಳಗೆ ಕೂತವು. ಹಾಗಾಗಿ ಶಿವಮೊಗ್ಗದ ವಸ್ತುಸಂಗ್ರಹಾಲಯ ನನಗೆ ಪರಜಿಲ್ಲೆಯದು ಅನ್ನಿಸಿದ್ದೇ ಇಲ್ಲ.

ಬಸ್ ಸ್ಟ್ಯಾಂಡಿನಿಂದ ಕೋಟೆ ಕಡೆಗೆ ಆಟೋ. ಆಂಜನೇಯನ ಗುಡಿಯ ಗಂಟೆ ಕೇಳಿಸುತ್ತದೆ, ಅವ್ವ ಇದ್ದಲ್ಲಿಂದಲೇ ಕೈ ಮುಗಿಯುತ್ತಾಳೆ. ಆಚೆಗೆ ತುಂಗೆಯ ಹೊಳೆ. ಈಚೆಗೆ ಹೆಂಚಿನ ಮಾಡಿನ ಅಗಲವಾದ ಕಟ್ಟಡ. ಶಿವಪ್ಪ ನಾಯಕನ ಅರಮನೆ.

ಅರಮನೆ ಅಂದ ತಕ್ಷಣ ಮಗನ ತಲೆಯಲ್ಲಿ ಮೈಸೂರು ಬಂದಿರಬೇಕು. ಗೇಟಿನೊಳಗೆ ಕಾಲಿಟ್ಟವನು ಸ್ವಲ್ಪ ಸಪ್ಪಗಾದ. "ಇಷ್ಟೇನಾ?" ಅಂದ. ಒಳಗೆ ಬಾ ಅಂದೆ.

ಹೊರಗಿನ ಬಿಸಿಲಿನಿಂದ ದರ್ಬಾರ್ ಹಾಲ್‌ಗೆ ಬಂದಾಗ ಕಣ್ಣಿಗೆ ಮೊದಲು ಕತ್ತಲೆಯೇ ಸಿಗುತ್ತದೆ. ಆಮೇಲೆ ಒಂದೊಂದಾಗಿ ಮರದ ಕಂಬಗಳು. ಮಗ ಒಂದು ಕಂಬದ ಪಕ್ಕ ನಿಂತು ಎರಡೂ ಕೈ ಅಗಲಿಸಿ ಗಾಳಿಯಲ್ಲೇ ಅಳತೆ ಮಾಡಿದ. ತಬ್ಬಲು ಇಬ್ಬರು ಬೇಕು ಅಂತ ಅವನ ತೀರ್ಮಾನ. ಕಂಬದ ಮೇಲಿನ ಕಮಾನಿನ ಕೆತ್ತನೆಗೆ ಮುಖವೆತ್ತಿ ನಿಂತ ಅವ್ವ ಕೇಳಿದಳು: "ಇಷ್ಟು ಮರ ಎಲ್ಲಿಂದ ತಂದ್ರೋ!" ಮಲೆನಾಡು ಬಾಗಿಲಲ್ಲೇ ಇದೆಯಲ್ಲ ಅವ್ವಾ ಅಂದೆ. ನೆಲ ತಣ್ಣಗಿದೆ. ಮಾತಾಡಿದರೆ ಮರ ಆ ಮಾತನ್ನು ನುಂಗಿಕೊಳ್ಳುತ್ತದೆ, ಕಲ್ಲಿನ ಗುಡಿಯೊಳಗಿನ ಹಾಗೆ ತಿರುಗಿ ಕೊಡುವುದಿಲ್ಲ.

"ಇದು ಯಾರ ಮನೆ?" ಅಂತ ಮಗನ ಪ್ರಶ್ನೆ. ಹೆಸರು ಕೆಳದಿಯ ಶಿವಪ್ಪ ನಾಯಕನದು. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದವನು. ಹೊಲ ತೋಟ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಗೊತ್ತು ಮಾಡಿದವನು. 'ಶಿವಪ್ಪ ನಾಯಕನ ಶಿಸ್ತು' ಅನ್ನುವ ಮಾತು ಇಂದಿಗೂ ಬಳಕೆಯಲ್ಲಿದೆ. ಆದರೆ ಈ ಕಟ್ಟಡ ಹೈದರಾಲಿಯ ಕಾಲದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಹೈದರ್ 1763ರಲ್ಲಿ ಬಿದನೂರು ಹಿಡಿದ. ಮಗ ಹುಬ್ಬು ಗಂಟಿಕ್ಕಿದ: "ಗೆದ್ದೋನು ಅವನಾದ್ರೆ ಹೆಸರು ಇವನದು ಯಾಕೆ?"

ಇದಕ್ಕೆ ನಾನು ಕೊಟ್ಟ ಉತ್ತರ ಒಂದು ನಾಣ್ಯದ ಕಥೆ. ಇದೇ ಕೆಳದಿಯ ನಾಯಕರ ಚಿನ್ನದ ವರಹದ ಮೇಲೆ ಶಿವ ಪಾರ್ವತಿ ಜೊತೆಯಲ್ಲಿ ಕೂತಿರುತ್ತಾರೆ. ಹೈದರ್ ಗೆದ್ದ ಮೇಲೆ ಟಂಕಿಸಿದ ವರಹದ ಮೇಲೂ ಅದೇ ಶಿವ, ಅದೇ ಪಾರ್ವತಿ. ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ, ಪಾರಸಿ ಲಿಪಿಯಲ್ಲಿ. ಜನ ನಂಬಿ ಕೈಗೆ ತೆಗೆದುಕೊಳ್ಳುವ ನಾಣ್ಯವನ್ನು ಅವನು ಕೆಡಿಸಲಿಲ್ಲ. ಮಗ ಜೇಬಿನಿಂದ ಹತ್ತು ರೂಪಾಯಿ ಬಿಲ್ಲೆ ತೆಗೆದು ಎರಡೂ ಮಗ್ಗುಲು ತಿರುಗಿಸಿ ನೋಡಿದ.

ಒಳಗೆ ನೋಡಬೇಕಾದ ಶಿಲ್ಪಗಳು ಇನ್ನೂ ಇದ್ದವು. ಮಗಳು ಮಾತ್ರ ಅಂಗಳದ ಕಡೆ ಎಳೆಯುತ್ತಿದ್ದಳು. ನಮಗೂ ಬೇಕಾಗಿದ್ದು ಅಂಗಳವೇ.

ಹುಲ್ಲಿನ ಮೇಲೆ ಸಾಲಾಗಿ ನಿಂತಿವೆ, ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲು. ಎಲ್ಲೋ ಹೊಲದ ಬದುವಿನಲ್ಲಿ, ಬಿದ್ದ ಗುಡಿಯ ಹಿಂದೆ, ಕೆರೆಯ ತೂಬಿನ ಪಕ್ಕ ಇದ್ದವು ಇಲ್ಲಿಗೆ ಬಂದು ಒಟ್ಟಿಗೆ ನಿಂತಿವೆ, ಸಂತೆಗೆ ಬಂದ ಬೇರೆ ಬೇರೆ ಊರಿನ ಜನ ಒಂದೇ ಮರದ ಕೆಳಗೆ ಕೂತ ಹಾಗೆ. ಹತ್ತು ಗಂಟೆಯ ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿದೆ. ಕೆತ್ತನೆಯ ಪ್ರತಿ ಅಂಚಿಗೂ ಕಪ್ಪು ನೆರಳಿನ ಗೆರೆ. ನೆತ್ತಿಯ ಮೇಲೆ ಸೂರ್ಯ ಬಂದರೆ ಈ ಗೆರೆಗಳು ಅಳಿಸಿಹೋಗುತ್ತವೆ. ಕಲ್ಲು ನೋಡುವುದಕ್ಕೆ ಬೆಳಗ್ಗೆ ಇಲ್ಲವೇ ಸಂಜೆ ಬರಬೇಕು ಅಂತ ಅಂದು ನಮ್ಮ ಮೇಷ್ಟ್ರು ಹೇಳಿದ್ದರು.

ಅವ್ವ ಮೊದಲ ಕಲ್ಲಿನ ಮುಂದೆ ನಿಂತಳು. ತುಂಬ ಹೊತ್ತು ಸುಮ್ಮನಿದ್ದು, "ಪಾಪ, ಒಣಗಿ ನಿಂತಾವಲ್ಲೋ. ಯಾರೂ ಒಂದು ಹನಿ ಎಣ್ಣೆ ಹಾಕಂಗಿಲ್ವಾ?" ಅಂದಳು. ನಾನು ಏನೂ ಹೇಳಲಿಲ್ಲ. ಅವಳೇ ಬಗ್ಗಿದಳು. ಕನ್ನಡಕ ಮೇಲಕ್ಕೆ ಸರಿಸಿ ಹತ್ತಿರ ಹೋದಳು. "ಅಯ್ಯೋ, ತುರುಬು ನೋಡೋ ಇವನದ್ದು! ಕಿವಿಯಾಗೆ ಓಲೆ ಐತೆ. ಸೊಂಟಕ್ಕೆ ಬಾಕು ಸಿಗ್ಸ್ಯಾನೆ." ಅವಳ ಬೆರಳು ಕಲ್ಲಿನಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲೇ ಅದರ ರೇಖೆ ಹಿಡಿದು ಓಡಾಡಿತು. ಅರವತ್ತು ವರ್ಷದಿಂದ ಬೀರಪ್ಪನ ಮೈಗೆ ಎಣ್ಣೆ ಬಳಿದ ಕೈ ಅದು. ಬೀರಪ್ಪನಿಗೆ ಮುಖ ಇದೆ ಅನ್ನುವುದೇ ಈ ಕೈಗೆ ಗೊತ್ತಿರಲಿಲ್ಲ.

"ಈಗ ಓದಣ," ಅಂತ ಮಕ್ಕಳನ್ನು ಹತ್ತಿರ ಕರೆದೆ. "ಎಲ್ಲಿಂದ ಶುರು?"

"ಮೇಲಿಂದ," ಅಂದರು ಇಬ್ಬರೂ.

"ಅಲ್ಲ. ಇದನ್ನ ಕೆಳಗಿನಿಂದ ಓದ್ಬೇಕು."

ನನಗೆ ಇದನ್ನು ಹೇಳಿಕೊಟ್ಟ ಮೇಷ್ಟ್ರು ಇದೇ ಅಂಗಳದಲ್ಲಿ ನಲವತ್ತು ಹುಡುಗರನ್ನು ಹುಲ್ಲಿನ ಮೇಲೆ ಕೂರಿಸಿದ್ದರು. ಅವರ ಹಾಗೆಯೇ ನಾನೂ ಮೊದಲು ಕೆಳಗಿನ ಪಟ್ಟಿಕೆ ತೋರಿಸಿದೆ. ಅಲ್ಲಿ ನಡೆಯುತ್ತಿರುವುದು ಕಾಳಗ. ನಮ್ಮ ವೀರ ಬಿಲ್ಲು ಜಗ್ಗಿ ಎಡಗಾಲು ಮುಂದಿಟ್ಟಿದ್ದಾನೆ. ಅವನ ಕಾಲಡಿ ಒಬ್ಬ ಬಿದ್ದಿದ್ದಾನೆ, ಎದುರಿಗೆ ಇನ್ನಿಬ್ಬರು. ಮಗ ಮಂಡಿಯೂರಿ ಕೂತು ಮೂಲೆಯಲ್ಲಿ ಏನೋ ಕಂಡವನಂತೆ ಕೂಗಿದ: "ಅಪ್ಪಾ, ದನ! ದನದ ಮುಖ, ಒಂದರ ಹಿಂದೆ ಒಂದು!"

ಅದು ತುರುಗೋಳ್. ತುರು ಅಂದರೆ ಹಸು, ದನ. ಕಾಸಿಗಿಂತ ದನವೇ ದೊಡ್ಡ ಆಸ್ತಿಯಾಗಿದ್ದ ಕಾಲದಲ್ಲಿ ಒಂದು ಊರಿನ ಮೇಲೆ ಬಿದ್ದವರು ಮೊದಲು ಹೊಡೆದುಕೊಂಡು ಹೋಗುತ್ತಿದ್ದದ್ದು ಅದನ್ನೇ. ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಊರನ್ನೇ ಸುಲಿಯಲು ಬಂದಾಗ ಆದ ಕಾಳಗಕ್ಕೆ ಊರಳಿವು ಅಂತ ಹೆಸರು, ಹೆಣ್ಣುಮಕ್ಕಳ ಕೂಗು ಕೇಳಿ ಓಡಿಹೋಗಿ ಕಾದಿದರೆ ಪೆಣ್ಬುಯ್ಯಲ್. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಟ್ಟರೆ ಅದು ನೆತ್ತರುಗೊಡಗೆ. ಈ ಒಂದು ಮಾತನ್ನು ಮಗಳು ಎರಡು ಸಲ ಹೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಂಡಳು.

ನಡುವಿನ ಪಟ್ಟಿಕೆಯಲ್ಲಿ ಸದ್ದಿಲ್ಲ. ಎರಡೂ ಕಡೆ ಅಪ್ಸರೆಯರು, ಅವರ ತೋಳಿನ ಮೇಲೆ ಕೈ ಹಾಕಿದ ವೀರ. ಮೂವರ ಕಾಲೂ ಹಿಂದಕ್ಕೆ ಮಡಚಿಕೊಂಡಿವೆ, ನೆಲ ಬಿಟ್ಟಿದ್ದಾರೆ ಅನ್ನುವುದಕ್ಕೆ. "ಹಾರ್ತಾ ಅವ್ರೆ," ಅಂದ ಮಗ. ಮೇಲಿನದು ಕೈಲಾಸ. ಲಿಂಗ, ಪೂಜಿಸುವವನು, ನಂದಿ. ಒಂದು ಪಕ್ಕದಲ್ಲಿ ಕೈ ಮುಗಿದು ಕೂತ ಅದೇ ವೀರ. ಕೆಳಗೆ ಬಿಲ್ಲು ಹಿಡಿದಿದ್ದ ಕೈ ಇಲ್ಲಿ ಬರಿದಾಗಿದೆ. ತೀರ ತುದಿಯಲ್ಲಿ ಸೂರ್ಯ, ಚಂದ್ರ. ಅವರಿಬ್ಬರು ಇರುವ ತನಕ ಇವನ ಹೆಸರು ಇರಲಿ ಅಂತ.

"ಅವನ ಹೆಸರೇನು?" ಅವ್ವ ಕೇಳಿದಳು.

ಈ ಕಲ್ಲಿನಲ್ಲಿ ಬರಹ ಇಲ್ಲ. ಚಿತ್ರ ಉಳಿದಿದೆ, ಹೆಸರು ಹೋಗಿದೆ. ಊರಿನವರಿಗೆ ಗೊತ್ತೇ ಇದ್ದ ಹೆಸರನ್ನು ಬರೆಸುವುದು ಯಾಕೆ ಅಂತ ಅಂದುಕೊಂಡಿರಬಹುದು. ಬರೆಸಿದ ಕಡೆ ನಾಯಿಯ ಹೆಸರೂ ಉಳಿದಿದೆ ಅಂತ ಮಗನಿಗೆ ಹೇಳಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ, ಹತ್ತನೇ ಶತಮಾನದ್ದು, ಗಂಗ ಬೂತುಗನ ಕಾಲದ್ದು. ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ್ದು. ನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವೂ ಅದರಲ್ಲಿದೆ. ಮಗನ ಕಣ್ಣು ಅಗಲವಾದವು. ಮುಂದಿನ ಸಲ ಬೆಂಗಳೂರು ಅನ್ನುವುದು ಅಲ್ಲೇ ತೀರ್ಮಾನವಾಯಿತು.

ಮಗಳು ಅಷ್ಟರಲ್ಲಿ ಸಾಲಿನ ಇನ್ನೊಂದು ತುದಿಗೆ ಹೋಗಿದ್ದಳು. ಅಲ್ಲಿ ಒಂದು ಕಂಬದಿಂದ ಹೊರಟ ಹೆಣ್ಣಿನ ತೋಳು, ಮೊಣಕೈಯಲ್ಲಿ ಬಾಗಿ ಮೇಲೆದ್ದಿದೆ. ಅಂಗೈ ಬಿಚ್ಚಿದೆ, ಮುಂಗೈ ತುಂಬ ಬಳೆ.

"ಅಜ್ಜಿ, ಇದು ಬರೀ ಕೈ ಐತಲ್ಲ?"

ಅವ್ವ ಬಂದು ನೋಡಿದಳು. ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. "ಮಾಸ್ತಿ ಕಣವ್ವ," ಅಂದಳು ಮೆಲ್ಲಗೆ. ಗಂಡನ ಚಿತೆ ಏರಿದವಳು. ಬಳೆ ಒಡೆಯದೆ ಹೋದಳು, ಮುತ್ತೈದೆಯಾಗಿಯೇ ಹೋದಳು ಅಂತ ತೋರಿಸುವುದಕ್ಕೆ ಬಳೆಗಳನ್ನು ಅಷ್ಟು ಮುತುವರ್ಜಿಯಿಂದ ಕಡೆದಿದ್ದಾರೆ. ಮಗಳು ಬಳೆಗಳನ್ನು ಎಣಿಸಿದಳು. "ಎಷ್ಟು ವಯಸ್ಸಿರಬಹುದು ಅವಳಿಗೆ?" ಯಾರೂ ಉತ್ತರ ಹೇಳಲಿಲ್ಲ. ಈ ಕಲ್ಲಿನ ಮುಂದೆ ಮಕ್ಕಳಿಗೆ ಹೆಮ್ಮೆಯ ಮಾತು ಹೇಳಬಾರದು. ಇದು ನನ್ನ ಗಟ್ಟಿ ನಿಲುವು. ವೀರನ ಕಲ್ಲನ್ನು ಊರು ನಿಲ್ಲಿಸಿತು. ಅವನು ದನ ಬಿಡಿಸಲು ಹೋಗಿದ್ದ. ಇವಳು ಎಲ್ಲಿಗೂ ಹೋಗಿರಲಿಲ್ಲ. ಮಗಳು ಆ ಕೈಯ ಚಿತ್ರವನ್ನೇ ಮೊದಲು ಬರೆದಳು, ಹುಲ್ಲಿನ ಮೇಲೆ ಕೂತು, ಮುಕ್ಕಾಲು ಗಂಟೆ. ನಾವು ಅವಸರ ಮಾಡಲಿಲ್ಲ.

ಅವಳು ಬರೆಯುವ ಹೊತ್ತಿಗೆ ಮಗನನ್ನು ಶಾಸನದ ಕಲ್ಲಿನ ಮುಂದೆ ಕರೆದುಕೊಂಡು ಹೋದೆ. ಮೊದಲಿಗೆ ಅವನಿಗೆ ಕಂಡದ್ದು ಜಿಲೇಬಿ ಸಾಲು. "ಇದು ಕನ್ನಡಾನಾ?" ಕನ್ನಡವೇ. ಹಳೆಯ ಕಾಲದ್ದು. ಗ ಎಲ್ಲಿದೆ ಹುಡುಕು ಅಂದೆ. ಸಿಕ್ಕಿತು. ರ ಸಿಕ್ಕಿತು. ನ ಸಿಕ್ಕಾಗ ಕುಣಿದ. ಮೂರು ಅಕ್ಷರ ಸಿಕ್ಕ ಮೇಲೆ ಆ ಕಲ್ಲು ಅವನಿಗೆ ಹೆದರಿಸುವುದನ್ನು ನಿಲ್ಲಿಸಿತು.

ಇವನ್ನು ಪುಸ್ತಕಕ್ಕೆ ಹೇಗೆ ಇಳಿಸಿದರು ಅನ್ನುವುದು ಮುಂದಿನ ಪ್ರಶ್ನೆ. ಕಲ್ಲನ್ನು ತೊಳೆದು ಪಾಚಿ ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಮೇಲೆ ಹಾಸುತ್ತಾರೆ. ಗಟ್ಟಿ ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿದು ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸುತ್ತಾರೆ. ಆಮೇಲೆ ಮಸಿ ಹತ್ತಿದ ಬಟ್ಟೆಯುಂಡೆಯಿಂದ ಮೇಲೆ ಮೇಲೆ ತಟ್ಟುತ್ತಾರೆ. ಕಾಗದದ ಮೈ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಲ್ಲಿಯ ಕಲ್ಲಿನ ಮೇಲೆ ನಾವು ಮಾಡುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ. ಆದರೆ ಮಗನ ಜೇಬಿನಲ್ಲಿ ಬಿಲ್ಲೆ ಇತ್ತಲ್ಲ. ಅಕ್ಕನ ಪುಸ್ತಕದಿಂದ ಒಂದು ಹಾಳೆ ಹರಿದು ಅದರ ಮೇಲಿಟ್ಟು ಪೆನ್ಸಿಲ್ ಅಡ್ಡಲಾಗಿ ಉಜ್ಜಲು ಕೊಟ್ಟೆ. ನಾಲ್ಕು ಗೆರೆ ಎಳೆಯುವುದರೊಳಗೆ ಹತ್ತು ಅನ್ನುವ ಅಂಕಿ ಬೂದಿಯೊಳಗಿಂದ ಎದ್ದ ಹಾಗೆ ಎದ್ದಿತು. ಅವನು ಉಸಿರು ಬಿಡದೆ ನೋಡಿದ. ಆಮೇಲೆ ಬಸ್ ಟಿಕೆಟ್ಟಿನ ಹಿಂಭಾಗ, ಅಂಗೈ, ಸಿಕ್ಕಿದ್ದರ ಮೇಲೆಲ್ಲ ಆ ಬಿಲ್ಲೆಯ ಅಚ್ಚು.

ಊಟ ಹೊಳೆಯ ದಂಡೆಯ ಮರದ ಕೆಳಗೆ. ರೊಟ್ಟಿ ಮುರಿಯುತ್ತಾ ಅವ್ವ ನೀರಿನ ಕಡೆ ನೋಡುತ್ತಿದ್ದಳು. ಈ ತುಂಗೆ ಮುಂದೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಹೊನ್ನಾಳಿಯ ಸೇತುವೆ ಕೆಳಗೆ ಹರಿಯುತ್ತದೆ. "ನಮಗಿಂತ ಮೊದ್ಲು ಊರಿಗೆ ಹೋಗುತ್ತೆನೋ ಈ ನೀರು," ಅಂದಳು. ಆಮೇಲೆ, ಬೇರೆ ಯಾರಿಗೋ ಹೇಳುವವಳಂತೆ: "ಅಷ್ಟೊಂದು ಎಣ್ಣೆ ಹಾಕಬಾರ್ದಿತ್ತು."

"ತಪ್ಪಲ್ಲವ್ವಾ," ಅಂದೆ. ಮನಸ್ಸಿನಿಂದಲೇ ಅಂದೆ. ಎಣ್ಣೆ ಹಾಕುವವರು ಇದ್ದುದರಿಂದಲೇ ಆ ಕಲ್ಲು ಅಲ್ಲಿ ನಿಂತಿದೆ. ಪೂಜೆ ನಿಂತ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಹಾಸಾಗಿವೆ, ಕಾಲುವೆಗೆ ಅಡ್ಡ ಬಿದ್ದಿವೆ, ಪಾಯದೊಳಗೆ ಹೋಗಿವೆ. ನ್ಯಾಮತಿ ಕಡೆಯ ಬೆಳಗುತ್ತಿಯಲ್ಲಿ ಸಿಂದರು ಆಳಿದರು, ಕಲ್ಯಾಣದ ಚಾಲುಕ್ಯರಿಗೆ, ಹೊಯ್ಸಳರಿಗೆ, ಸೇವುಣರಿಗೆ ಮಾಂಡಲಿಕರಾಗಿ. ಆ ಮೂವರ ಸೇನೆಯೂ ತುಳಿದ ನೆಲ ನಮ್ಮದು; ಇಲ್ಲಿ ಇಷ್ಟೊಂದು ವೀರಗಲ್ಲು ಇರುವುದಕ್ಕೆ ಅದೂ ಒಂದು ಕಾರಣ. ಅರಮನೆಯ ಅಂಗಳಕ್ಕೆ ಎಲ್ಲವನ್ನೂ ತಂದು ನಿಲ್ಲಿಸುವುದು ಆಗುವ ಮಾತಲ್ಲ, ತರಬಾರದು ಕೂಡ. ಅಂಗಳ ಓದುವುದನ್ನು ಕಲಿಸಲಿ, ಕಲ್ಲು ಅದರ ಊರಿನಲ್ಲಿರಲಿ.

ಬರುವಾಗ ಮಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ. ಮಗಳು ಅಜ್ಜಿಗೆ ಚಿತ್ರ ತೋರಿಸುತ್ತಾ ಬಂದಳು. ಮುಂದಿನ ಭಾನುವಾರ ಸಂತೇಬೆನ್ನೂರಿಗೆ ಅಂತ ಇಬ್ಬರೂ ಮಾತಾಡಿಕೊಂಡರು. ಚನ್ನಗಿರಿ ತಾಲ್ಲೂಕಿನ ಆ ಪುಷ್ಕರಣಿ, ನೀರಿನ ನಡುವೆ ನಿಂತ ವಸಂತ ಮಂಟಪ, ದಡದ ಮುಸಾಫಿರ್‌ಖಾನೆ ಅವ್ವನಿಗೂ ಹೊಸದು. ಮದುವೆಯಾಗಿ ಈ ಊರಿಗೆ ಬಂದು ಐವತ್ತು ವರ್ಷ ಅವಳ ಹಾದಿ ಹೊಲ, ಸಂತೆ, ಆಸ್ಪತ್ರೆಗಳಲ್ಲೇ ಮುಗಿದಿತ್ತು ಅನ್ನುವುದು ನನಗೆ ಅರಿವಾದದ್ದು ಆ ಬಸ್ಸಿನಲ್ಲಿ. ಹುಟ್ಟಿದ್ದು ಪಕ್ಕದೂರಿನಲ್ಲೇ ಆದ್ದರಿಂದ ಬೀರಪ್ಪನ ಎಣ್ಣೆ ಮಾತ್ರ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳದು.

ಊರು ಮುಟ್ಟಿದಾಗ ಕತ್ತಲಾಗುತ್ತಿತ್ತು. ಮನೆಗೆ ಹೋಗಲಿಲ್ಲ. ನಾಲ್ವರೂ ಬುತ್ತಿ ಚೀಲದ ಸಮೇತ ಕೆರೆ ಏರಿ ಹತ್ತಿದೆವು. ಹುಣಸೆಮರದ ಕೆಳಗೆ ಬೀರಪ್ಪ ಎಂದಿನಂತೆ ಕಪ್ಪಗೆ ವಾಲಿಕೊಂಡಿದ್ದ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ನನ್ನ ಮೊಬೈಲಿನ ಟಾರ್ಚನ್ನು ಮಗಳು ಕಲ್ಲಿನ ಪಕ್ಕಕ್ಕೆ, ಓರೆಯಾಗಿ, ಬೆಳಗಿನ ಬಿಸಿಲಿನ ಹಾಗೆ ಹಿಡಿದಳು.

ಮೇಲೆ ಎಣ್ಣೆಯ ಪದರಿನ ಕೆಳಗಿನಿಂದ ಒಂದು ಗುಂಡನೆಯ ಉಬ್ಬು, ಪಕ್ಕದಲ್ಲಿ ಬಾಗಿದ ಇನ್ನೊಂದು. ಸೂರ್ಯ, ಚಂದ್ರ. ನಡುವೆ ಮಡಚಿದ ಕಾಲು ಇರಬೇಕು, ಒಂದು ಮಂಡಿ ಮಾತ್ರ ಕಂಡಿತು. ಕೆಳಗಿನ ಪಟ್ಟಿಕೆ ಮುಕ್ಕಾಲು ಮಣ್ಣೊಳಗಿದೆ. ಓದಲು ಶುರು ಮಾಡಬೇಕಾದ ಜಾಗವೇ ನಮಗೆ ಇಲ್ಲ.

ಮಗ ಹೊಟ್ಟೆಯ ಮೇಲೆ ಮಲಗಿ ಕೆನ್ನೆಯನ್ನು ನೆಲಕ್ಕೆ ಹಚ್ಚಿದ. "ಅಕ್ಕಾ, ಕೆಳಗೆ ಹಿಡಿ. ಇನ್ನೂ ಕೆಳಗೆ." ಬೆಳಕು ನೆಲದ ಮಟ್ಟಕ್ಕೆ ಇಳಿಯಿತು. ಅವ್ವ ಸೆರಗಿನ ತುದಿಯಿಂದ ಒಣ ಎಲೆ, ಊದಿನಕಡ್ಡಿಯ ಬೂದಿ ಸರಿಸಿದಳು.

ಮಣ್ಣಿನ ಅಂಚಿನಲ್ಲಿ ಸಣ್ಣ ಸಣ್ಣ ಮೊನೆಗಳು, ಜೋಡಿ ಜೋಡಿಯಾಗಿ, ಒಂದೇ ಕಡೆಗೆ ಬಾಗಿಕೊಂಡು.

"ಕೋಡು," ಅಂದ ಮಗ. "ಅಜ್ಜಿ, ಕೋಡು ಅವೆ!"

ಅವ್ವ ನೆಲಕ್ಕೆ ಕೂತಳು. "ಹೋರಿ ತಂದು ಇಲ್ಲೇ ಯಾಕೆ ನಿಲ್ಲಿಸ್ತಿದ್ರು ಅಂತೀನಿ," ಅಂದವಳು ಮಾತು ಮುಂದುವರಿಸಲಿಲ್ಲ. ಮಗ ಬೆರಳು ತಾಗಿಸದೆ ಎಣಿಸುತ್ತಿದ್ದ. ಒಂದು ಜೊತೆ, ಎರಡು ಜೊತೆ, ಮೂರು. ನಾಲ್ಕನೆಯದರ ಒಂದು ಕೋಡು ಮಾತ್ರ ಮೇಲಿತ್ತು, ಇನ್ನೊಂದು ಮಣ್ಣೊಳಗೆ.